ಎಡದ ಹಳಿಗೆ ಕುಂಕುಮ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ಒಂದು ಭಟ್ಟಿಯ ಅಟ್ಟದ ಮೇಲೆ
ಎರಡು ಪ್ಲೈವುಡ್ ಹಾಳೆ ಜೋಡಿಸಿ ಹಾಸಿದ್ದೇವೆ.
ಕೆಳಗೆ ಮರಳು ಕಾಯುತ್ತದೆ, ಅಕ್ಕಿ ಅರಳುತ್ತದೆ,
ಮೇಲೆ ನಮ್ಮ ಹಳಿ ಮಧ್ಯಾಹ್ನಕ್ಕೆ ಕೂದಲೆಳೆಯಷ್ಟು ಬೆಳೆದು
ಇಳಿಹೊತ್ತಿಗೆ ಮತ್ತೆ ತನ್ನಳತೆಗೆ ಬರುತ್ತದೆ.

ನಾನು ಮೋಟಾರು ಸುತ್ತುವವನು.
ಮೂವತ್ತೊಂದು ವರ್ಷ
ಸುಟ್ಟ ಪಂಪುಗಳ ಹೊಟ್ಟೆಯಿಂದ ಕಪ್ಪಾದ ತಾಮ್ರ ಕಿತ್ತು
ಹೊಸ ತಾಮ್ರ ತುಂಬಿದ ಕೈ.
ಎರಡು ತಂತಿ ಅದಲುಬದಲಾದರೆ
ಮೋಟಾರು ಉಲ್ಟಾ ತಿರುಗುತ್ತದೆ, ಗೊತ್ತಿದ್ದದ್ದು ಅಷ್ಟೇ.
ಈ ಇಂಜಿನ್ನು ಹಾಗಲ್ಲ.

ಇದಕ್ಕೊಂದು ಹೆಸರಿದೆ: ಮೂರನೇ ನಂಬರು.
ಓಡಿಸುವ ಕರೆಂಟಿನಲ್ಲೇ ಅಪ್ಪಣೆಯೂ ಕೂತು ಹೋಗುತ್ತದೆ,
ಮೂರು, ಮುಂದೆ. ಮೂರು, ನಿಧಾನ. ಮೂರು, ದೀಪ.
ಮುಂದೆ ಅಂದರೆ ಅದರ ಮೂಗಿನ ಮುಂದೆ.
ಯಾವ ಹಳಿಗೆ ಯಾವ ತಂತಿ ಎಂದು ಅದು ಕೇಳುವುದಿಲ್ಲ.
ಕೇಳುವುದು ಹಳಿ.

ಜಬೀವುಲ್ಲಾ, ಭಟ್ಟಿಯವರ ಮೊಮ್ಮಗ, ಒಂಬತ್ತನೇ ಕ್ಲಾಸು,
ಹಲಗೆಯ ತುದಿಗೆ ಕುಣಿಕೆ ಹಾಕಿದ:
ಹೋದ ಗಾಡಿ ಸುತ್ತು ಹೊಡೆದು ಹೋದ ದಾರಿಗೇ ಮರಳಲಿ ಎಂದು.
ಕೊನೆಯ ತುಂಡು ಕೂಡಿಸಿದ್ದೇ ತಡ
ಪೆಟ್ಟಿಗೆ ಕುಂಯ್ ಅಂದಿತು. ಸಿಗ್ನಲ್ಲೆಲ್ಲ ಕತ್ತಲು.
ತೆಗೆದ, ಬಂತು. ಕೂಡಿಸಿದ, ಹೋಯಿತು.
"ಮಾಮಾ, ಗಾಡೀನೇ ಇಟ್ಟಿಲ್ಲ ಇನ್ನಾ.
ಬರೀ ಹಳಿಗೆ ಏನಾಗೇತಿ?"

ಅಂಗಡಿಯ ಪಟದ ಮುಂದಿನ ಕುಂಕುಮ ತಂದು
ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ.
ಅವನು ಇಳಿದು ಭಟ್ಟಿಯ ಬಾಯಿಂದ ಮಸಿ ಕೆರೆದು ತಂದ.
ಎಡದ ಹಳಿಗೆ ಕುಂಕುಮ, ಬಲದ ಹಳಿಗೆ ಮಸಿ,
ಗಾಲಿ ತಾಗುವ ನೆತ್ತಿ ಬಿಟ್ಟು, ಪಕ್ಕೆಗೆ ಮಾತ್ರ.
ಒಂದೊಂದು ಹತ್ತಿಬತ್ತಿ ಹಿಡಿದು ಹೊರಟೆವು
ಒಂದೇ ದಿಕ್ಕಿಗೆ, ಮೊಣಕೈಗೆ ಮೊಣಕೈ ತಾಗಿಸಿಕೊಂಡು.
ತಿರುವು ಬಂತು. ತಿರುವು ಮುಗಿಯಿತು.
ನನ್ನ ಕೆಂಪು ಹೊರಟ ಬಾಯಿಗೇ ಬಂದು
ಅವನ ಕಪ್ಪಿನ ಮೇಲೆ ಕೂತಿತು.
ಅವನದು ನನ್ನದರ ಮೇಲೆ.
"ಯಾರೂ ದಾರಿ ತಪ್ಪಿಲ್ಲಲ್ಲ ಮಾಮಾ!"

ಆಮೇಲೆ ಗರಗಸದ ಬ್ಲೇಡು.
ಕುಣಿಕೆಯ ಎರಡೂ ಕೊನೆಗೆ, ಎರಡೆರಡು ಹಳಿಗೆ,
ನಾಲ್ಕು ಗಾಯ, ಉಗುರಿನ ದಪ್ಪ.
ಕುಣಿಕೆ ಈಗ ಊರಿಗೆ ಸೇರಿದ್ದಲ್ಲ.
ಅದರ ಕರೆಂಟು ಇನ್ನೊಂದು ಸಣ್ಣ ಪೆಟ್ಟಿಗೆಯ ಕೈಯಿಂದ:
ಗಾಡಿ ಪೂರಾ ಒಳಗಿರುವಾಗ
ಕೆಂಪನ್ನು ಕಪ್ಪು ಮಾಡಿ, ಕಪ್ಪನ್ನು ಕೆಂಪು ಮಾಡಿ
ಹೊರಬಾಗಿಲಿಗೆ ಹೊಂದಿಸಬೇಕು.
ಗಾಡಿಗೆ ಸುದ್ದಿ ಹೋಗಬಾರದು.

ಮೊದಲ ಸಲ ಆರು ಡಬ್ಬಿ ಕಟ್ಟಿದೆವು.
ಇಂಜಿನ್ನು ಹೊರಬಾಗಿಲು ತುಳಿಯಿತು,
ಕೊನೆಯ ಡಬ್ಬಿಯ ಗಾಲಿ ಒಳಬಾಗಿಲ ಮೇಲೇ ಇತ್ತು.
ಪೆಟ್ಟಿಗೆ ಯಾವ ಬಾಗಿಲ ಮಾತು ಕೇಳಬೇಕು?
ಟಕಟಕ ಬಡಿದುಕೊಂಡು ಸುಮ್ಮನಾಯಿತು.
"ಒಂದು ಡಬ್ಬಿ ಬಿಡಾಣ," ಅಂದೆ.
"ಯಾವುದು ಬಿಡ್ತಿ? ಎಲ್ಲದರಾಗೂ ಮಂದಿ ಅದಾರ."
ಹೌದು, ಅವನೇ ಕೂರಿಸಿದ್ದ,
ಮುರಿದ ಬೆಂಕಿಕಡ್ಡಿಗಳು, ಕಿಟಕಿಗೊಂದು ಕೆಂಪು ತಲೆ.
ಇನ್ನೊಂದು ಹಲಗೆ ಕೂಡಿಸಿ
ಕುಣಿಕೆಯನ್ನೇ ಒಂದೂವರೆ ಮೊಳ ಹಿಗ್ಗಿಸಿದೆವು.

ರಾತ್ರಿ, ಭಟ್ಟಿ ಆರಿದ ಮೇಲೆ,
ಆರೂ ಡಬ್ಬಿ ದೀಪ ಹೊತ್ತು ಒಳಗೆ ಹೋದವು.
ಹೊರಬಾಗಿಲಲ್ಲಿ ಟಿಕ್ ಅಂದಿತು,
ಹಲ್ಲಿ ಲೊಚಗುಟ್ಟುವುದಕ್ಕಿಂತ ಸಣ್ಣ ಸದ್ದು.
ಒಂದು ದೀಪವೂ ಕಣ್ಣು ಮಿಟುಕಿಸಲಿಲ್ಲ.

ರುಕಿಯಾಬಿ ಏಣಿ ಹತ್ತಿ ಬಂದರು,
ಒಂದು ಕೈಯಲ್ಲಿ ಮಿರ್ಚಿ ಕಟ್ಟಿದ ಪೇಪರು.
ನಾನು ಎಲ್ಲ ಬಿಡಿಸಿ ಹೇಳಲು ಹೊರಟೆ. ಕೈ ಅಡ್ಡ ಹಿಡಿದರು.
"ಹರಿಹರಕ್ಕೆ ಹೋಗಾಗ ಹಳೇ ಮಿಲ್ಲಿನ ಚಿಮಣಿ ಈ ಭುಜದ ಕಡೆ,
ಬರಾಗ ಆ ಭುಜದ ಕಡೆ.
ಅಷ್ಟಕ್ಕ ನಾನೇನು ಬೇರೆ ಆದ್ನಾ ತಿಪ್ಪೇಶಣ್ಣಾ?
ಮಿರ್ಚಿ ಆರ್ತಾವ, ತಿನ್ರಿ."

ತಿಂದೆವು. ಹುಡುಗ ಸ್ಪಿರಿಟ್ಟಿನ ಬಟ್ಟೆ ಹಿಡಿದು
ಹಳಿಯ ಪಕ್ಕೆ ಒರೆಸುತ್ತ ಬಂದ,
ಕೆಂಪು ಹೋಯಿತು, ಕಪ್ಪು ಹೋಯಿತು.
ಬಾಯಿಯ ಹತ್ತಿರ ಎರಡೂ ಕಲೆತು
ಹುಣಸೆಬೀಜದ ಬಣ್ಣವಾಗಿದ್ದಲ್ಲಿ
ಬಟ್ಟೆ ಎತ್ತಿ ದಾಟಿಸಿದ.
ನಾನು ಎಣ್ಣೆಯ ಬಟ್ಟಲು ಹುಡುಕುವವನಂತೆ
ಆ ಕಡೆ ತಿರುಗಿದೆ.